ಕಟ್ಟೆಯ ಮೇಲಿನ ಕುಂಡಗಳೂ ಸೊಳ್ಳೆಯ ಕಾಟವೂ

(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಭಾಗದ ಹಳ್ಳಿಗಳಲ್ಲಿ ಗ್ರಾಮಸೇವಕರೊಬ್ಬರು ರೈತ ಬಂಧುಗಳ ಮುಂದೆ ಮಾಡಿದ ಭಾಷಣ)



ಹೊಲದ ಕೆಲಸ ಮುಗಿಸಿ, ದನ ಕಟ್ಟಿ, ಕೈಕಾಲು ತೊಳೆದುಕೊಂಡು ತಾವೆಲ್ಲ ಇಲ್ಲಿಗೆ ಬಂದಿದ್ದೀರಿ. ಊಟದ ಹೊತ್ತು ಮೀರುತ್ತಿರುವುದು ನನಗೂ ಗೊತ್ತು. ಈ ಹೊತ್ತು ಬಿತ್ತನೆಯ ವಿಷಯವಿಲ್ಲ, ಗೊಬ್ಬರದ ವಿಷಯವೂ ಇಲ್ಲ. ನಮ್ಮ ನಮ್ಮ ಮನೆಯ ಮುಂದಿನ ಕಟ್ಟೆಯ ವಿಷಯ. ಸೊಳ್ಳೆ, ನೊಣ, ನುಸಿ ಹತ್ತಿರ ಸುಳಿಯದಂತೆ ಮಾಡುವ ಗಿಡಗಳನ್ನು ಕುಂಡದಲ್ಲಿ ಬೆಳೆಸಿ ಕಟ್ಟೆಯ ಮೇಲೆ ಇಟ್ಟುಕೊಳ್ಳಬಹುದೇ, ಇಟ್ಟುಕೊಂಡರೆ ಎಷ್ಟು ಪ್ರಯೋಜನ, ಅದರಲ್ಲಿ ಎಲ್ಲಿ ಮೋಸ ಹೋಗುತ್ತೇವೆ ಎಂಬುದನ್ನು ಹೇಳಲು ಬಂದಿದ್ದೇನೆ. ಮೋಸ ಹೋದವರಲ್ಲಿ ನಾನೇ ಮೊದಲಿಗ. ಆದ್ದರಿಂದ ಆ ಕಥೆಯಿಂದಲೇ ಆರಂಭಿಸುತ್ತೇನೆ.

ನಾನು ಕೃಷಿ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ತುಂಬ ಹುರುಪಿನಲ್ಲಿದ್ದೆ. ತುಳಸಿ, ಮಜ್ಜಿಗೆ ಹುಲ್ಲು, ಚೆಂಡುಹೂ, ಪುದೀನ ಇವನ್ನು ಮನೆ ಮುಂದೆ ಇಟ್ಟರೆ ಸೊಳ್ಳೆ ಬರುವುದಿಲ್ಲವೆಂದು ಎಲ್ಲೋ ಓದಿದ್ದೆ. ನಮ್ಮ ಮನೆಯ ಕಟ್ಟೆಯ ಮೇಲೆ ಏಳು ಕುಂಡಗಳನ್ನು ಸಾಲಾಗಿ ಇಟ್ಟೆ. ನೀರು ಸೋರಿ ಕಟ್ಟೆ ಕೊಳೆಯಾಗಬಾರದೆಂದು ಪ್ರತಿಯೊಂದರ ಕೆಳಗೆ ಒಂದೊಂದು ಪ್ಲಾಸ್ಟಿಕ್ ತಟ್ಟೆ ಕೊಟ್ಟೆ. ನೋಡಲು ಬಹಳ ಚೆನ್ನಾಗಿತ್ತು. ಓಣಿಯ ಜನರನ್ನು ಕರೆದು ತೋರಿಸಿದೆ, ಭಾಷಣವನ್ನೂ ಮಾಡಿದೆ. ನನ್ನ ಮಾತು ನಂಬಿ ನಾಲ್ಕಾರು ಮನೆಯವರು ಅದೇ ರೀತಿ ಕುಂಡ ಇಟ್ಟರು, ತಟ್ಟೆ ಸಹಿತವಾಗಿ.

ಶ್ರಾವಣದಲ್ಲಿ ನಮ್ಮ ಅಕ್ಕ ತವರಿಗೆ ಬಂದಳು. ಅವಳ ಮಗನಿಗೆ ಆರು ವರ್ಷ. ಹುಡುಗ ಹಗಲೆಲ್ಲ ಆ ಕಟ್ಟೆಯ ಮೇಲೆಯೇ ಆಡುತ್ತಿದ್ದ, ಮಧ್ಯಾಹ್ನ ಅಲ್ಲಿಯೇ ಚಾಪೆಯ ಮೇಲೆ ಮಲಗುತ್ತಿದ್ದ. ಎಂಟು ಹತ್ತು ದಿನ ಕಳೆದ ಮೇಲೆ ಅವನಿಗೆ ಒಮ್ಮೆಲೇ ಮೈ ಸುಡುವಂಥ ಜ್ವರ ಬಂತು. ಕಣ್ಣಿನ ಹಿಂದೆ ನೋವು, ಮೈಕೈ ನೋವು ಎಂದು ಅಳುತ್ತಿದ್ದ. ಮಳೆಯಲ್ಲಿ ನೆನೆದಿದ್ದಾನೆ, ನೆಗಡಿ ಜ್ವರ ಎಂದು ಎರಡು ದಿನ ಕಳೆದೆವು. ನಾಲ್ಕನೆಯ ದಿನ ಜ್ವರ ಇಳಿಯಿತು. ಗುಣವಾಯಿತೆಂದು ಅಕ್ಕ ಗಂಜಿ ಕಾಯಿಸಿದಳು. ಆದರೆ ಹುಡುಗ ಹೊಟ್ಟೆನೋವೆಂದು ಮುದುಡಿಕೊಂಡ. ಮೇಲಿಂದ ಮೇಲೆ ವಾಂತಿ. ವಸಡಿನಲ್ಲಿ ರಕ್ತ ಕಾಣಿಸಿತು. ಆ ರಾತ್ರಿಯೇ ಹೊಸಪೇಟೆಗೆ ಒಯ್ದೆವು. ಡೆಂಗ್ಯೂ ಎಂದರು. ಆರು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ಅಕ್ಕ ನನ್ನನ್ನು ಏನೂ ಅನ್ನಲಿಲ್ಲ. ಹುಡುಗ ಈಗ ಚೆನ್ನಾಗಿದ್ದಾನೆ, ಶಾಲೆಗೆ ಹೋಗುತ್ತಿದ್ದಾನೆ.

ನಾವು ಆಸ್ಪತ್ರೆಯಲ್ಲಿದ್ದಾಗ ಆಶಾ ಕಾರ್ಯಕರ್ತೆ ಅಕ್ಕನವರು ಮನೆ ನೋಡಲು ಬಂದಿದ್ದರು. ನಾನು ಬಟ್ಟೆ ಒಯ್ಯಲೆಂದು ಊರಿಗೆ ಬಂದ ದಿನ ಮತ್ತೊಮ್ಮೆ ಬಂದರು. ಕೈಯಲ್ಲಿ ಬ್ಯಾಟರಿ. ನೀರಿನ ತೊಟ್ಟಿ ನೋಡಿದರು, ಡ್ರಮ್ ನೋಡಿದರು. ಆಮೇಲೆ ನನ್ನ ತುಳಸಿ ಕುಂಡವನ್ನು ಎತ್ತಿ ಪಕ್ಕಕ್ಕೆ ಇಟ್ಟು ತಟ್ಟೆಗೆ ಬೆಳಕು ಬಿಟ್ಟರು. ತಟ್ಟೆಯಲ್ಲಿ ಎರಡು ಬೆರಳು ನೀರು. ಆ ನೀರಿನಲ್ಲಿ ಸಣ್ಣ ಹುಳುಗಳು ಬಳುಕುತ್ತ ಮೇಲೆ ಕೆಳಗೆ ಆಡುತ್ತಿದ್ದವು. ಏಳು ತಟ್ಟೆಗಳಲ್ಲಿ ಐದರಲ್ಲಿ ಇದ್ದವು.

“ತಮ್ಮಾ, ಸೊಳ್ಳಿ ಓಡಸಾಕ ಗಿಡ ಇಟ್ಟೀ, ಗಿಡದ ಬುಡಕ್ಕ ಸೊಳ್ಳಿ ಸಾಕೀಯಲ್ಲೋ” ಎಂದರು.

ಅದೇ ತಟ್ಟೆಯ ಸೊಳ್ಳೆಯೇ ಹುಡುಗನನ್ನು ಕಚ್ಚಿತೆಂದು ನಾನು ಆಣೆ ಮಾಡಿ ಹೇಳಲಾರೆ. ಓಣಿಯಲ್ಲಿ ಬೇರೆ ಮನೆಗಳ ತೊಟ್ಟಿಗಳೂ ಇದ್ದವು. ಆದರೆ ಆ ದಿನದಿಂದ ಈ ವಿಷಯವನ್ನು ಬುಡದಿಂದ ತಿಳಿದುಕೊಳ್ಳದೆ ಯಾರ ಮುಂದೆಯೂ ಮಾತನಾಡಬಾರದೆಂದು ನಿಶ್ಚಯಿಸಿದೆ. ನನ್ನ ಮಾತು ನಂಬಿ ತಟ್ಟೆ ಇಟ್ಟ ಮನೆಗಳಿಗೆ ಆವತ್ತೇ ಹೋಗಿ ಒಂದೊಂದನ್ನೂ ಕೈಯಾರೆ ಮಗುಚಿ ಬಂದೆ.

ಈಗ ಈ ಮೇಜಿನ ಮೇಲೆ ನೋಡಿ. ಒಂದು ಕುಂಡದಲ್ಲಿ ಮಜ್ಜಿಗೆ ಹುಲ್ಲು ಇದೆ. ಇದನ್ನು ನಿಂಬೆಹುಲ್ಲು ಎಂದೂ ಕರೆಯುತ್ತಾರೆ. ಮುಂದಿನ ಸಾಲಿನಲ್ಲಿ ಕುಳಿತ ಯಜಮಾನರು ದಯವಿಟ್ಟು ಬಂದು ಇದರ ಹತ್ತಿರ ಮೂಗು ಹಿಡಿಯಿರಿ. ವಾಸನೆ ಬಂತೇ? ಇಲ್ಲ, ಬಂದರೂ ಸ್ವಲ್ಪ. ಈಗ ಒಂದು ಗರಿ ಕಿತ್ತು ಅಂಗೈಯಲ್ಲಿ ತಿಕ್ಕಿ ನೋಡಿ. ಹಿಂದೆ ಕುಳಿತವರಿಗೂ ಬಂತಲ್ಲವೇ? ವಿಷಯವೆಲ್ಲ ಇದರಲ್ಲಿಯೇ ಇದೆ. ಈ ಗಿಡಗಳ ಎಲೆಯಲ್ಲಿ ಒಂದು ತರಹದ ಸುಗಂಧ ಎಣ್ಣೆ ಇರುತ್ತದೆ. ಸೊಳ್ಳೆಗೆ ಆ ಎಣ್ಣೆ ಆಗದು, ಅದು ನಿಜ. ಆದರೆ ಎಣ್ಣೆ ಎಲೆಯ ಒಳಗೆ ಸಣ್ಣ ಸಣ್ಣ ಚೀಲಗಳಲ್ಲಿ ಮುಚ್ಚಿಟ್ಟಂತೆ ಇರುತ್ತದೆ. ಎಲೆ ಹಿಸುಕಿದರೆ, ಜಜ್ಜಿದರೆ, ಕಾಯಿಸಿದರೆ, ಹೊಗೆ ಹಾಕಿದರೆ ಹೊರಗೆ ಬರುತ್ತದೆ. ಗಿಡ ತನ್ನಷ್ಟಕ್ಕೆ ತಾನು ನಿಂತಿದ್ದರೆ ಹೊರಬರುವುದು ಬಹಳ ಕಡಿಮೆ. ಬಂದದ್ದೂ ನಮ್ಮ ಕಡೆಯ ಬಯಲುಸೀಮೆಯ ಗಾಳಿಗೆ ಹಾರಿ ಹೋಗುತ್ತದೆ.

ಇದು ನನ್ನ ಊಹೆಯಲ್ಲ. ಅಮೇರಿಕೆಯಲ್ಲಿ ‘ಸೊಳ್ಳೆ ಗಿಡ’ ಎಂಬ ಹೆಸರಿನಲ್ಲಿ ಒಂದು ಸುವಾಸನೆಯ ಕುಂಡದ ಗಿಡವನ್ನು ಮಾರುತ್ತಿದ್ದರು. 1994ರಲ್ಲಿ ಫ್ಲಾರಿಡಾದಲ್ಲಿ ಅದನ್ನು ಪರೀಕ್ಷೆ ಮಾಡಿ ನೋಡಿದಾಗ, ಗಿಡದ ಹತ್ತಿರ ಕುಳಿತವರಿಗೂ ಗಿಡವಿಲ್ಲದೆ ಕುಳಿತವರಿಗೂ ಸೊಳ್ಳೆಯ ಕಾಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಪರೀಕ್ಷೆ ಆಫ್ರಿಕಾ ಖಂಡದ ಕೀನ್ಯಾದಲ್ಲಿ ನಡೆದು 2002ರಲ್ಲಿ ಪ್ರಕಟವಾಯಿತು. ಅಲ್ಲಿ ಜಾಲರಿಯೊಳಗೆ ಗುಡಿಸಲು ಕಟ್ಟಿ, ನಮ್ಮ ನಾಯಿತುಳಸಿ, ನಮ್ಮ ಬೇಲಿಯಲ್ಲಿ ಬೆಳೆಯುವ ಲಂಟಾನ ಮತ್ತು ಅವರ ಕಡೆಯ ಇನ್ನೊಂದು ಗಿಡ, ಇವುಗಳ ಕುಂಡಗಳನ್ನು ಇಟ್ಟು ರಾತ್ರಿಯ ಮಲೇರಿಯಾ ಸೊಳ್ಳೆಯ ಮೇಲೆ ನೋಡಿದರು. ಸೊಳ್ಳೆ ಕಡಿಮೆಯಾದವು. ಎಷ್ಟು? ಹತ್ತಕ್ಕೆ ಮೂರು, ಹೆಚ್ಚೆಂದರೆ ನಾಲ್ಕು. ಉಳಿದ ಆರೇಳು ಒಳಗೆ ಬಂದೇ ಬಂದವು. ರೋಗ ತರಲು ಒಂದು ಸೊಳ್ಳೆ ಸಾಕಲ್ಲವೇ?

ಬರಿಯ ವಾಸನೆಗೆ ಸೊಳ್ಳೆ ಹೆದರುವುದಾದರೆ ಹಡಗಲಿಯ ಮಲ್ಲಿಗೆ ತೋಟದಲ್ಲಿ ಒಂದೂ ಇರಬಾರದಿತ್ತು. ನಸುಕಿನಲ್ಲಿ ಎದ್ದು ಮೊಗ್ಗು ಬಿಡಿಸುವ ತಾಯಂದಿರು ಇಲ್ಲಿ ಇದ್ದರೆ ಅವರೇ ಹೇಳಲಿ. ಹಿಂದಿನ ಕಾಲದಲ್ಲಿ ಕೆಟ್ಟ ಗಾಳಿಯಿಂದ, ಕೆಟ್ಟ ವಾಸನೆಯಿಂದ ಜ್ವರ ಬರುತ್ತದೆಂದು ಎಲ್ಲ ದೇಶದವರೂ ನಂಬಿದ್ದರು. ಮಲೇರಿಯಾ ಎಂಬ ಹೆಸರಿನ ಅರ್ಥವೇ ಕೆಟ್ಟ ಗಾಳಿ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ಡಾಕ್ಟರು ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಾಣುವನ್ನು ಕಂಡು ಹಿಡಿದ ಮೇಲೆ ಗಾಳಿಯ ಮೇಲಿನ ಅಪವಾದ ಹೋಯಿತು. ಆದರೆ ಒಳ್ಳೆಯ ವಾಸನೆಯಿದ್ದಲ್ಲಿ ರೋಗವಿಲ್ಲ ಎಂಬ ಭಾವನೆ ನಮ್ಮ ಮನಸ್ಸಿನಿಂದ ಇನ್ನೂ ಪೂರಾ ಹೋಗಿಲ್ಲ.

ಹಾಗಾದರೆ ಗಿಡ ಬೇಡವೇ ಎಂದು ಕೇಳುತ್ತೀರಿ. ಬೇಕು. ನಾನು ನನ್ನ ಏಳು ಕುಂಡಗಳಲ್ಲಿ ಒಂದನ್ನೂ ಎಸೆದಿಲ್ಲ, ಇನ್ನೂ ಎರಡು ಹೆಚ್ಚಿಸಿದ್ದೇನೆ. ಗಿಡವನ್ನು ಕಾವಲುಗಾರನೆಂದು ತಿಳಿಯದೆ ಬೆಳೆಯೆಂದು ತಿಳಿಯಬೇಕು. ಜೋಳ ಬೆಳೆದು ತೆನೆ ಮುರಿಯದೆ ಹೊಲದಲ್ಲಿಯೇ ಬಿಟ್ಟರೆ ರೊಟ್ಟಿಯಾಗುತ್ತದೆಯೇ? ಹಾಗೆಯೇ ಇದರ ಎಲೆಯನ್ನು ಕೊಯ್ದು ಬಳಸಿದರೆ ಉಪಯೋಗ.

ಮಜ್ಜಿಗೆ ಹುಲ್ಲು ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದಂಥದು. ಬೇರು ಸಹಿತ ಒಂದು ಸಿಪ್ಪು ನೆಟ್ಟರೆ ಸಾಕು, ಆರು ತಿಂಗಳಲ್ಲಿ ಕುಂಡ ತುಂಬುತ್ತದೆ. ಸಣ್ಣ ಕುಂಡದಲ್ಲಿ ಉಸಿರುಕಟ್ಟುತ್ತದೆ, ದೊಡ್ಡ ಗಡಿಗೆ ಬೇಕು. ಬಾಯಿ ಒಡೆದ ಹರವಿಯಿದ್ದರೆ ಅದೇ ಸರಿಯಾಯಿತು. ಸಂಜೆ ಕಟ್ಟೆಯ ಮೇಲೆ ಕುಳಿತುಕೊಳ್ಳುವಾಗ ನಾಲ್ಕು ಗರಿ ಕೊಯ್ದು ಜಜ್ಜಿ ಕೈಕಾಲಿಗೆ ತಿಕ್ಕಿಕೊಂಡರೆ ಸ್ವಲ್ಪ ಹೊತ್ತು ಸೊಳ್ಳೆ ದೂರವಿರುತ್ತದೆ. ಸ್ವಲ್ಪ ಹೊತ್ತು ಎಂದೆ, ರಾತ್ರಿಯೆಲ್ಲ ಎನ್ನಲಿಲ್ಲ. ಆ ಎಣ್ಣೆ ಬೇಗ ಆರಿ ಹೋಗುತ್ತದೆ. ಮೊದಲು ಮೊಳಕೈ ಹತ್ತಿರ ಸ್ವಲ್ಪ ತಿಕ್ಕಿ ನೋಡಿ, ಕೆಂಪಾಗಿ ತುರಿಸಿದರೆ ಬಿಟ್ಟುಬಿಡಿ. ಅಂಗಡಿಯಲ್ಲಿ ಮಾರುವ ಸಿಟ್ರೊನೆಲ್ಲಾ ಎಣ್ಣೆ ಇದರ ದಾಯಾದಿ ಹುಲ್ಲಿನಿಂದ ತೆಗೆದದ್ದು.

ತುಳಸಿ ಹೇಗೂ ಮನೆಮನೆಯಲ್ಲಿ ಇದ್ದೇ ಇದೆ. ಜೊತೆಗೆ ಕಾಮಕಸ್ತೂರಿ, ನಾಯಿತುಳಸಿ ಹಾಕಿಕೊಳ್ಳಿ. ಮೂರೂ ಒಂದೇ ಕುಲದವು. ಹೂತೆನೆ ಬಂದ ಕೂಡಲೇ ಚಿವುಟುತ್ತಿದ್ದರೆ ಎಲೆ ಹುಲುಸಾಗಿ ಬರುತ್ತದೆ. ಪುದೀನ ಮತ್ತು ದೊಡ್ಡಪತ್ರೆಗೆ ಒಂದು ಕಡ್ಡಿ ಊರಿದರೆ ಆಯಿತು, ಆದರೆ ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲು ತಾಗದ ಕಡೆ ಇಡಬೇಕು. ಸೊಳ್ಳೆಯ ಮಟ್ಟಿಗೆ ಇವೆರಡರ ಮೇಲೆ ನನಗೆ ಅಷ್ಟೇನೂ ಭರವಸೆಯಿಲ್ಲ. ಚಟ್ನಿಗೆ, ತಂಬುಳಿಗೆ ಒಳ್ಳೆಯವು ಎಂದು ಬೆಳೆಸಿ. ದವನವನ್ನು ಚಳಿಗಾಲದಲ್ಲಿ ಹಾಕಿ, ಒಣಗಿಸಿ ಟ್ರಂಕಿನ ರೇಷ್ಮೆ ಸೀರೆಗಳ ನಡುವೆ ಇಡುವ ಪದ್ಧತಿ ನಮ್ಮ ಅಜ್ಜಿಯರ ಕಾಲದಿಂದ ಇದೆ. ಮುಚ್ಚಿದ ಟ್ರಂಕಿನಲ್ಲಿ ವಾಸನೆ ನಿಲ್ಲುತ್ತದೆ, ತೆರೆದ ಕಟ್ಟೆಯಲ್ಲಿ ನಿಲ್ಲುವುದಿಲ್ಲ.

ಚೆಂಡುಹೂವಿನ ವಿಷಯದಲ್ಲಿ ಒಂದು ತಮಾಷೆಯಿದೆ. ಕೀಟವನ್ನು ಓಡಿಸುತ್ತದೆಂದು ಇದಕ್ಕೆ ಹೆಸರು. ಆದರೆ ಟೊಮ್ಯಾಟೊ ಬೆಳೆಯುವವರಿಗೆ ಗೊತ್ತು, ಇದು ಕೀಟವನ್ನು ಕರೆಯುತ್ತದೆ! ಹದಿನಾರು ಸಾಲು ಟೊಮ್ಯಾಟೊಗೆ ಒಂದು ಸಾಲು ಚೆಂಡುಹೂ ಹಾಕಿರೆಂದು ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೇಳಿದ್ದು ಇದೇ ಕಾರಣಕ್ಕೆ. ಕಾಯಿಕೊರಕದ ಚಿಟ್ಟೆ ಟೊಮ್ಯಾಟೊ ಬಿಟ್ಟು ಚೆಂಡುಹೂವಿನ ಮೊಗ್ಗಿನ ಮೇಲೆ ಮೊಟ್ಟೆಯಿಡುತ್ತದೆ. ಆ ಮೊಗ್ಗು ಕಿತ್ತು ನಾಶ ಮಾಡಿದರೆ ಹುಳು ಅಲ್ಲಿಗೇ ಹೋಯಿತು. ನೆಡುವಾಗ ಚೆಂಡುಹೂವಿನ ಸಸಿ ನಲವತ್ತು ದಿನದ್ದು, ಟೊಮ್ಯಾಟೊ ಸಸಿ ಇಪ್ಪತ್ತೈದು ದಿನದ್ದು ಇರಬೇಕು, ಆಗ ಎರಡೂ ಒಟ್ಟಿಗೆ ಹೂವಿಗೆ ಬರುತ್ತವೆ. ಅದರ ಬೇರಿನಿಂದ ಜಂತುಹುಳದ ಬಾಧೆಯೂ ಭೂಮಿಯಲ್ಲಿ ತಗ್ಗುತ್ತದೆ. ಹೊಲಕ್ಕೆ ಇಷ್ಟು ಉಪಕಾರಿಯಾದ ಗಿಡ ಕಟ್ಟೆಯ ಮೇಲೆ ಸೊಳ್ಳೆಗೆ ಏನೂ ಮಾಡುವುದಿಲ್ಲ. ದೀಪಾವಳಿಗೆ ಹೂವಾಯಿತು ಅಷ್ಟೆ.

ಬೇವು ಮತ್ತು ಲಕ್ಕಿ ಕುಂಡದ ಗಿಡಗಳಲ್ಲ. ಬೇವು ಬದುವಿನ ಮೇಲೆ, ಲಕ್ಕಿ ಬೇಲಿಗೆ. ನನ್ನನ್ನು ಕೇಳಿದರೆ ಕುಂಡದ ಗಿಡಗಳೆಲ್ಲವನ್ನೂ ಒಂದು ತಕ್ಕಡಿಯಲ್ಲಿಟ್ಟು ಬೇವನ್ನು ಇನ್ನೊಂದರಲ್ಲಿಟ್ಟರೆ ಬೇವಿನ ಕಡೆಯೇ ತೂಗುತ್ತದೆ. ಕಾಳಿನ ಡಬ್ಬಿಗೆ ನೆರಳಲ್ಲಿ ಒಣಗಿಸಿದ ಬೇವಿನ ಎಲೆ, ಲಕ್ಕಿ ಎಲೆ ಹಾಕುವುದನ್ನು ತಾಯಂದಿರಿಗೆ ನಾನು ಕಲಿಸಬೇಕಾಗಿಲ್ಲ. ತೊಗರಿ, ಅಲಸಂದಿ, ಹೆಸರು ಕಾಳಿಗೆ ಕಿಲೋಗೆ ಒಂದು ಚಮಚ ಅಡುಗೆ ಎಣ್ಣೆ ಸವರಿಟ್ಟರೆ ಹುಳ ಮೊಟ್ಟೆಯಿಟ್ಟರೂ ಮರಿಯಾಗುವುದು ಕಷ್ಟ. ಹಿತ್ತಲಿನ ಬದನೆ, ಬೆಂಡೆಗೆ ಹುಳು ಬಿದ್ದರೆ ಐದು ಕಿಲೋ ಬೇವಿನ ಬೀಜದ ತಿರುಳು ಕುಟ್ಟಿ ರಾತ್ರಿ ನೆನೆಸಿ, ಸೋಸಿ, ನೂರು ಲೀಟರು ಮಾಡಿ ಸಂಜೆ ಸಿಂಪಡಿಸಬೇಕು. ಹಿತ್ತಲಿಗೆ ಅಷ್ಟು ಬೇಡ, ಐವತ್ತು ಗ್ರಾಂಗೆ ಒಂದು ಲೀಟರು ಲೆಕ್ಕ. ಸ್ವಲ್ಪ ಸಾಬೂನು ಸೇರಿಸಿದರೆ ಎಲೆಗೆ ಹಿಡಿಯುತ್ತದೆ.

ಬೇವಿನ ಎಣ್ಣೆಯ ಮಾತೂ ಹೇಳಿಬಿಡುತ್ತೇನೆ. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ಎರಡು ಪಾಲು ಬೇವಿನ ಎಣ್ಣೆ ಬೆರೆಸಿ ಮೈಗೆ ಹಚ್ಚಿಕೊಂಡರೆ ಮಲೇರಿಯಾ ಸೊಳ್ಳೆ ರಾತ್ರಿ ಹನ್ನೆರಡು ಗಂಟೆಯ ಕಾಲ ಕಚ್ಚಲಿಲ್ಲವೆಂದು ದೆಹಲಿಯ ಮಲೇರಿಯಾ ಸಂಶೋಧನಾ ಕೇಂದ್ರದವರು 1993ರಲ್ಲಿ ವರದಿ ಮಾಡಿದ್ದಾರೆ. ಹಗಲಿನ ಡೆಂಗ್ಯೂ ಸೊಳ್ಳೆಗೂ ಅಷ್ಟೇ ಗಟ್ಟಿಯೆಂದು ಇದರಿಂದ ತಿಳಿಯಬಾರದು. ಎಳೆಯ ಕೂಸುಗಳಿಗೆ ಹಚ್ಚಬೇಡಿ. ಬೇವಿನ ಎಣ್ಣೆಯನ್ನು ಮಕ್ಕಳಿಗೆ ಕುಡಿಸುವುದಂತೂ ಬೇಡವೇ ಬೇಡ. ಹಾಗೆ ಕುಡಿಸಿ ಕೂಸುಗಳ ಜೀವಕ್ಕೆ ಅಪಾಯವಾದ ಉದಾಹರಣೆಗಳಿವೆ. ಬೇವಿನ ಸೊಪ್ಪಿನ ಹೊಗೆ ದನದ ಕೊಟ್ಟಿಗೆಗೆ ಹಾಕಿ, ಬಾಗಿಲು ತೆರೆದಿರಲಿ. ಮನುಷ್ಯರು ಮಲಗುವ ಕೋಣೆಯಲ್ಲಿ ಹೊಗೆ ತುಂಬಿದರೆ ಸೊಳ್ಳೆಗಿಂತ ಮೊದಲು ಅಜ್ಜಿಗೆ ಕೆಮ್ಮು ಬರುತ್ತದೆ.

ಇನ್ನು ಈ ಗಾಜಿನ ಬಾಟಲಿ. ಬಾಯಿಗೆ ಬಟ್ಟೆ ಕಟ್ಟಿದ್ದೇನೆ, ಹೆದರಬೇಡಿ. ಎಲ್ಲರೂ ಕೈಯಿಂದ ಕೈಗೆ ದಾಟಿಸಿ ನೋಡಿ. ಬಾಲ ಬಳುಕಿಸುವ ಇವೇ ಸೊಳ್ಳೆಯ ಮರಿಗಳು. ಇದೇ ಊರಿನ ಒಂದು ಮನೆಯಿಂದ ಈ ಹೊತ್ತು ಮಧ್ಯಾಹ್ನ ತಂದದ್ದು. ಯಾರ ಮನೆಯೆಂದು ಹೇಳುವುದಿಲ್ಲ. ಇವನ್ನು ಸಾಕುವ ಮನೆಗೆ ದಂಡ ಹಾಕಲು 2024ರಲ್ಲಿ ನಮ್ಮ ರಾಜ್ಯ ಸರ್ಕಾರ ನಿಯಮ ಮಾಡಿತು, ಹಳ್ಳಿಯ ಮನೆಗೆ ಇನ್ನೂರು ರೂಪಾಯಿ, ಪಟ್ಟಣದ ಮನೆಗೆ ನಾನೂರು. ನನಗೆ ದಂಡ ವಸೂಲಿ ಮಾಡುವ ಅಧಿಕಾರವಿಲ್ಲ, ಆಸೆಯೂ ಇಲ್ಲ. ನನ್ನ ಮನೆಯಲ್ಲಿಯೇ ಐದು ತಟ್ಟೆ ಸಿಕ್ಕಿದ್ದವು.

ಡೆಂಗ್ಯೂ ತರುವ ಸೊಳ್ಳೆಗೆ ಈಡಿಸ್ ಎಂದು ಹೆಸರು. ಮೈ ಕಪ್ಪು, ಕಾಲಿಗೆ ಬಿಳಿ ಪಟ್ಟೆ. ಇದು ಕಚ್ಚುವುದು ಹಗಲಿನಲ್ಲಿ, ಅದರಲ್ಲಿಯೂ ಬೆಳಿಗ್ಗೆ ಮತ್ತು ಸಂಜೆಯ ಮುಂಚೆ. ರಾತ್ರಿ ಸೊಳ್ಳೆಪರದೆ ಕಟ್ಟಿ ಹಗಲು ಕೂಸನ್ನು ಬರಿ ತೊಟ್ಟಿಲಲ್ಲಿ ಮಲಗಿಸಿದರೆ ಪ್ರಯೋಜನವಿಲ್ಲ, ಹಗಲೂ ಪರದೆ ಬೇಕು. ಇದು ಕೊಳಚೆ ಗಟಾರದಲ್ಲಿ ಹುಟ್ಟುವುದು ಕಡಿಮೆ, ಕೆರೆಯಲ್ಲಿಯೂ ಹುಟ್ಟುವುದಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ನಾನು ಇದೇ ಮಾತು ಆಡುತ್ತಿದ್ದಾಗ ಒಬ್ಬರು ಎದ್ದು, “ಸೊಳ್ಳಿ ಎಲ್ಲಾ ಮಾಲವಿ ಡ್ಯಾಮಿನಿಂದ ಬರತಾವ್ರೀ” ಎಂದರು. ಪಾಪ, ಮಾಲವಿ ಜಲಾಶಯವನ್ನಾಗಲಿ ತುಂಗಭದ್ರೆಯ ಹಿನ್ನೀರನ್ನಾಗಲಿ ನಾವು ದೂರಬಾರದು. ಈಡಿಸ್ ಸೊಳ್ಳೆಗೆ ಬೇಕಾದದ್ದು ಮನೆಯ ಸುತ್ತ ಸಣ್ಣ ಪಾತ್ರೆಯಲ್ಲಿ ನಿಂತ ತಿಳಿನೀರು. ಹುಟ್ಟಿದ ಮನೆಯಿಂದ ಬಹಳ ದೂರ ಹಾರುವುದೂ ಇಲ್ಲ. ನಿಮ್ಮನ್ನು ಕಚ್ಚಿದ್ದು ನಿಮ್ಮ ಮನೆಯದೋ ಪಕ್ಕದ ಮನೆಯದೋ ಇರಬೇಕು.

ನಮ್ಮ ಐದೂ ತಾಲ್ಲೂಕುಗಳು ಮಳೆಗೆ ಬಾಯಿಬಿಡುವ ತಾಲ್ಲೂಕುಗಳು. ನಲ್ಲಿಯಲ್ಲಿ ನೀರು ಬಂದ ದಿನ ಹರವಿ, ಕೊಡ, ಬಕೆಟ್ಟು, ಡ್ರಮ್ಮು, ಸಿಮೆಂಟು ತೊಟ್ಟಿ ಎಲ್ಲವನ್ನೂ ತುಂಬಿಟ್ಟುಕೊಳ್ಳುತ್ತೇವೆ. ಮತ್ತೆ ಯಾವಾಗ ಬರುತ್ತದೋ ಎಂಬ ಭಯ. ನೀರು ಚೆಲ್ಲಿರೆಂದು ಪಟ್ಟಣದವರು ಸುಲಭವಾಗಿ ಹೇಳಿಬಿಡುತ್ತಾರೆ. ಎರಡು ಕೊಡ ನೀರಿಗೆ ಬೋರಿನ ಮುಂದೆ ಸರದಿಯಲ್ಲಿ ನಿಂತ ತಾಯಿಗೆ ಆ ಮಾತು ಹೇಳಲು ನನಗೆ ನಾಲಿಗೆ ಬರುವುದಿಲ್ಲ. ಆದ್ದರಿಂದ ಚೆಲ್ಲಬೇಡಿ, ಮುಚ್ಚಿ. ತೊಟ್ಟಿಗೆ, ಡ್ರಮ್ಮಿಗೆ ಹಳೆಯ ಪಂಚೆಯನ್ನೋ ಸೀರೆಯ ತುಂಡನ್ನೋ ಹಾಸಿ ಸುತ್ತಲೂ ಹಗ್ಗ ಬಿಗಿಯಿರಿ. ಬಟ್ಟೆ ನಡುವೆ ಜೋತು ನೀರಿಗೆ ತಾಗಬಾರದು. ತೊಟ್ಟಿಯ ನೀರು ಬಳಸಿ ತಳ ಮುಟ್ಟಿದಾಗ ಬರಿ ತೊಳೆದು ಬಿಡಬೇಡಿ, ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಿ. ಯಾಕೆಂದರೆ ಈ ಸೊಳ್ಳೆ ನೀರಿನ ಮೇಲೆ ಮೊಟ್ಟೆಯಿಡುವುದಿಲ್ಲ, ನೀರಿನ ಅಂಚಿಗೆ ಗೋಡೆಗೆ ಅಂಟಿಸಿ ಇಡುತ್ತದೆ. ನೀರಾರಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಸಾಯದೆ ಇದ್ದು, ಮತ್ತೆ ನೀರು ಬಂದಾಗ ಮರಿಯಾಗುತ್ತದೆ. ನಮ್ಮ ನೆಲದಲ್ಲಿ ಮಳೆಗೆ ಕಾದು ಬಿದ್ದಿರುವ ಗರಿಕೆಯ ಹಾಗೆ.

ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ನಮ್ಮ ಬಿಸಿಲಿನಲ್ಲಿ ಎಂಟು ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಂದು ದಿನ ಎಲ್ಲವನ್ನೂ ನೋಡುವ ವ್ಯವಸ್ಥೆ ಬೇಕು. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅವತ್ತು ಎತ್ತಿನ ಮೈ ತೊಳೆಯುತ್ತೀರಿ, ಅದೇ ಕೈಯಲ್ಲಿ ಕಲಗಚ್ಚಿನ ಬಾನಿಯನ್ನೂ ಮಗುಚಿ ತಿಕ್ಕಿಬಿಡಿ. ಕೋಳಿಗೆ ನೀರಿಟ್ಟ ಚಿಪ್ಪು, ಮಾಳಿಗೆಯ ಮೇಲೆ ಎಸೆದ ಒಡೆದ ಗಡಿಗೆ, ಹಿತ್ತಲಿನ ಎಳನೀರ ಬುರುಡೆ, ಟ್ರ್ಯಾಕ್ಟರಿನ ಹಳೆಯ ಟಯರು, ಇವಷ್ಟನ್ನೂ ಒಂದು ಸುತ್ತು ನೋಡಲು ಅರ್ಧ ಗಂಟೆ ಹಿಡಿಯುವುದಿಲ್ಲ. ಕೂಡ್ಲಿಗಿಯ ಹೆದ್ದಾರಿಯ ಪಕ್ಕದಲ್ಲಿ ಪಂಕ್ಚರ್ ಅಂಗಡಿ ಇಟ್ಟ ತಮ್ಮಂದಿರಿಗೆ ಬೇರೆಯಾಗಿ ಹೇಳಿದ್ದೇನೆ: ಟಯರುಗಳನ್ನು ಮಳೆಗೆ ಬಿಡಬೇಡಿ, ಮೇಲೆ ತಾಡಪತ್ರಿ ಹೊದಿಸಿ. ಬಾವಿ ಮತ್ತು ದೊಡ್ಡ ತೊಟ್ಟಿಗಳಿಗೆ ಸೊಳ್ಳೆಮರಿ ತಿನ್ನುವ ಗಪ್ಪಿ, ಗ್ಯಾಂಬೂಸಿಯಾ ಎಂಬ ಸಣ್ಣ ಮೀನುಗಳಿವೆ. ಆರೋಗ್ಯ ಇಲಾಖೆಯವರನ್ನು ವಿಚಾರಿಸಿ.

ಕುಂಡಕ್ಕೆ ಬರೋಣ. ಕುಂಡದ ತಳದಲ್ಲಿ ತೂತು ಇರಲೇಬೇಕು. ತೂತಿನ ಮೇಲೆ ಒಂದು ಬೋಕಿ ಮುಚ್ಚಿ, ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ ತುಂಬಿರಿ. ಎರೆಭೂಮಿಯವರು ಎರೆಮಣ್ಣನ್ನೇ ತುಂಬಿದರೆ ಒಣಗಿದಾಗ ಬಿರಿಯುತ್ತದೆ, ನೆನೆದಾಗ ಬೇರು ಕೊಳೆಯುತ್ತದೆ. ಒಂದು ಬುಟ್ಟಿ ಕೆಂಪು ಮಣ್ಣನ್ನು ನೆಂಟರ ಊರಿನಿಂದ ತಂದರೂ ಚಿಂತೆಯಿಲ್ಲ. ಮಣ್ಣು ಬಾಯಿಯವರೆಗೆ ಬೇಡ, ಎರಡು ಬೆರಳು ಕೆಳಗಿರಲಿ. ಬೇಸಿಗೆಯಲ್ಲಿ ಮೇಲೆ ಶೇಂಗಾ ಹೊಟ್ಟು ಹಾಸಿದರೆ ನೀರು ಬೇಗ ಆರುವುದಿಲ್ಲ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರನ್ನೇ ಹಾಕಬಹುದು. ಕುಡಿಯುವ ನೀರು ಬೇಕಿಲ್ಲ.

ತಟ್ಟೆ ಮಾತ್ರ ಇಡಬೇಡಿ. ಮೂರು ಕಲ್ಲಿನ ಮೇಲೆ ಕುಂಡ ಕೂರಿಸಿ, ಕೆಳಗೆ ನೀರು ಹರಿದು ಅಂಗಳಕ್ಕೆ ಹೋಗಲಿ, ಒಲೆಯ ಮೇಲೆ ಗಡಿಗೆ ಕೂರಿಸಿದ ಹಾಗೆ. ಸಿಮೆಂಟು ಕಟ್ಟೆ ಕೊಳೆಯಾಗುತ್ತದೆ, ತಟ್ಟೆ ಬೇಕೇ ಬೇಕು ಎನ್ನುವವರು ತಟ್ಟೆಯ ತುಂಬ ಮರಳು ಹಾಕಿ ಅದರ ಮೇಲೆ ಕುಂಡ ಇಡಿ. ಮರಳು ತೇವವಾಗಿರುತ್ತದೆ, ಆದರೆ ಮೇಲೆ ನಿಂತ ನೀರಿರುವುದಿಲ್ಲ. ಮರಿಗೆ ಈಜಲು ಜಾಗವಿಲ್ಲ. ನೀರಿನ ಬಾಟಲಿಯಲ್ಲಿ ಬಳ್ಳಿಯ ಕುಡಿ ಇಟ್ಟು ಕಿಟಕಿಯಲ್ಲಿ ಬೆಳೆಸುವ ಹೊಸ ಪದ್ಧತಿ ಬಂದಿದೆ. ಅದೂ ಒಂದು ಸಣ್ಣ ಕೆರೆಯೇ. ಬಾಯಿಗೆ ಹತ್ತಿ ತುರುಕಿ ಅಥವಾ ಮಣ್ಣಿಗೆ ಬದಲಿಸಿ.

ಜ್ವರದ ಮಾತು ಹೇಳದೆ ಮುಗಿಸುವುದು ನನಗೆ ಆಗುವುದಿಲ್ಲ. ಒಮ್ಮೆಲೇ ಬಂದ ಜೋರು ಜ್ವರ, ಕಣ್ಣಿನ ಹಿಂದೆ ನೋವು, ಕೀಲುನೋವು ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಅಂಗಡಿಯಲ್ಲಿ ಕೊಟ್ಟ ಮೈನೋವಿನ ಮಾತ್ರೆ, ಆಸ್ಪಿರಿನ್ ನುಂಗಬೇಡಿ, ಅವುಗಳಿಂದ ರಕ್ತಸ್ರಾವ ಹೆಚ್ಚಬಹುದು. ಗಂಜಿ, ಎಳನೀರು, ಮಜ್ಜಿಗೆ ಮೇಲಿಂದ ಮೇಲೆ ಕುಡಿಸಿ. ಪಪ್ಪಾಯಿ ಎಲೆಯ ರಸವನ್ನು ನಂಬಿ ಮನೆಯಲ್ಲಿ ಕೂರಬೇಡಿ. ನಾವು ತಪ್ಪಿದ್ದು ಎಲ್ಲಿ ಗೊತ್ತೇ? ಜ್ವರ ಇಳಿದಾಗ. ಈ ರೋಗದಲ್ಲಿ ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಹೆಚ್ಚು ಅಪಾಯದ್ದು. ಆಗ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲೋ ಮೂಗಿನಲ್ಲೋ ರಕ್ತ, ಕೈಕಾಲು ತಣ್ಣಗಾಗುವುದು, ಮಗು ಮಂಕಾಗಿ ಮಲಗಿಬಿಡುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಫೋನು ಮಾಡಿ.

ಕೊಟ್ಟೂರು ಕಡೆಯ ಒಂದು ಹಳ್ಳಿಯಲ್ಲಿ ಮಾತು ಮುಗಿದ ಮೇಲೆ ಒಬ್ಬ ಅಜ್ಜ, “ತಮ್ಮಾ, ಹೋದ ವರ್ಷ ಗಿಡ ಇಡ್ರಿ ಅಂದಿ, ಈ ವರ್ಷ ತಟ್ಟಿ ತೆಗೀರಿ ಅಂತಿ, ಬರೋ ವರ್ಷ ಏನ್ ಅಂತೀಯೋ” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರ ಮನೆಗೆ ಹೋಗಿ ನೋಡಿದರೆ ಕುಂಡಗಳು ಆಗಲೇ ಕಲ್ಲಿನ ಮೇಲಿದ್ದವು. ಹರಪನಹಳ್ಳಿ ಕಡೆ ಒಂದೂರಿನಲ್ಲಿ ಶಾಲೆಯ ಮಕ್ಕಳೇ ಸೋಮವಾರ ಓಣಿ ಸುತ್ತಿ ತಟ್ಟೆ, ಚಿಪ್ಪು ಮಗುಚುತ್ತಾರೆ; ದೊಡ್ಡವರಿಗಿಂತ ಅವರ ಕಣ್ಣು ಚುರುಕು.

ಹೊರಗಡೆ ಗೋಣಿಚೀಲದಲ್ಲಿ ಮಜ್ಜಿಗೆ ಹುಲ್ಲಿನ ಸಿಪ್ಪುಗಳನ್ನು ತಂದಿದ್ದೇನೆ, ಸುಮಾರು ನಲವತ್ತು ಮನೆಗೆ ಆಗಬಹುದು. ಮನೆಗೆ ಎರಡರಂತೆ ಒಯ್ಯಿರಿ, ದುಡ್ಡಿಲ್ಲ. ಕಾಮಕಸ್ತೂರಿ ಬೀಜವೂ ಸ್ವಲ್ಪ ಇದೆ. ಬಾಟಲಿ ಎಲ್ಲಿಗೆ ಬಂತು? ಅದನ್ನು ನನಗೆ ಮರಳಿ ಕೊಡಿ, ಊರ ಹೊರಗೆ ಒಣನೆಲಕ್ಕೆ ಸುರಿದು ಹೋಗುತ್ತೇನೆ. ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಆಶಾ ಅಕ್ಕನವರೂ ನಾನೂ ಕೆಳಗಿನ ಓಣಿಯಿಂದ ಆರಂಭಿಸಿ ಮನೆಮನೆಗೆ ಬರುತ್ತೇವೆ. ನಾಯಿ ಕಟ್ಟಿಹಾಕಿರಿ.